ಹಳೇ ಅರ್ಜಿಯ ಹೊಟ್ಟೆಯೊಳಗಿನ ಹೆಸರುಗಳು: ನವನಗರದ ಡಿಟಿಪಿ ಅಂಗಡಿಯಿಂದ ಒಂದು ಕೆಲಸದ ಟಿಪ್ಪಣಿ

ಸೋಮವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಫೋನ್ ಬಂತು. ಬೆಳಿಗ್ಗೆ ಅಪ್ಪನ ಜೊತೆ ಬಂದು ಪರಿಹಾರದ ಅರ್ಜಿ ಟೈಪ್ ಮಾಡಿಸಿಕೊಂಡು ಹೋಗಿದ್ದ ಹುಡುಗಿ. ಪಿಡಿಎಫ್ ಅನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದಳು.

"ಅಣ್ಣಾರ, ಅರ್ಜಿ ಬರೋಬರಿ ಐತ್ರಿ. ಆದ್ರ ಮ್ಯಾಲೆ ಟ್ಯಾಬಿನ್ಯಾಗ ಏನೋ ಬ್ಯಾರೆ ಅಕ್ಷರ ಬಂದಾವ್ರಿ. ವೈರಸ್ ಏನ್ರಿ?"

"ಫೋಟೋ ಹೊಡೆದು ಕಳಿಸು ತಂಗಿ" ಅಂದೆ. ನೋಡಿದ ಕೂಡಲೇ ಗೊತ್ತಾಯಿತು. ವೈರಸ್ ಅಲ್ಲ, ಅದು ನುಡಿ. ಹಳೇ ನುಡಿ ಫಾಂಟಿನಲ್ಲಿ ಬರೆದ ಕನ್ನಡ, ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣುತ್ತದೆ. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಚುಕ್ಕಿ ಇರುವ ಯುರೋಪಿನ ಅಕ್ಷರ, ನಡುನಡುವೆ ಏನೇನೋ ಚಿಹ್ನೆ. ನನ್ನ ಕಂಪ್ಯೂಟರಿನಲ್ಲಿ ಅದೇ ಫೈಲಿನ ಪ್ರಾಪರ್ಟೀಸ್ ತೆರೆದೆ. ಟೈಟಲ್ ಎಂಬ ಜಾಗದಲ್ಲಿ ಅದೇ ಸಾಲು ಇತ್ತು. ಕಾಪಿ ಮಾಡಿ ಖಾಲಿ ಹಾಳೆಗೆ ಹಾಕಿ, ಫಾಂಟನ್ನು ನುಡಿ 01 ಇ ಮಾಡಿದೆ.

ಒಬ್ಬ ರೈತರ ಹೆಸರು. ಅವರ ತಂದೆಯ ಹೆಸರು. ಊರು. ಆ ಹುಡುಗಿಯ ಅಪ್ಪನದಲ್ಲ, ಎಷ್ಟೋ ವರ್ಷದ ಹಿಂದೆ ನಮ್ಮ ಅಂಗಡಿಯಲ್ಲಿ ಅರ್ಜಿ ಬರೆಸಿದ್ದ ಬೇರೆಯವರದು.

ಅದು ಯಾರ ಹೆಸರು ಅಂತ ಅವಳಿಗೆ ಹೇಳಲಿಲ್ಲ. ವೈರಸ್ ಅಲ್ಲ, ಹಳೇ ಫೈಲಿನದು ಉಳಿದಿದೆ, ಇದನ್ನು ಯಾರಿಗೂ ಕಳಿಸಬೇಡ, ನಾಳೆ ಹೊಸದು ಕೊಡುತ್ತೇನೆ ಅಂದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಇಲ್ಲಿ ಒಂದು ಹೆಸರು ಅಂದರೆ ಬರೀ ಹೆಸರಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಮನೆಗಳು ಹೋದವು, ಹಾಗೆ ಮನೆ ಕಳೆದುಕೊಂಡವರಿಗಾಗಿಯೇ ಈ ನವನಗರ ಎದ್ದಿತು. ಈಗ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೆಲಸ ಎದುರಿಗಿದೆ. ನಮ್ಮ ಅಂಗಡಿಗೆ ಬರುವ ಕಾಗದದಲ್ಲಿ ಅರ್ಧಕ್ಕಿಂತ ಜಾಸ್ತಿ ಉತಾರ (ಪಹಣಿ), ವಾಟ್ನಿ (ಆಸ್ತಿಯ ಪಾಲು), ವಾರಸಾ, ಪರಿಹಾರದ್ದೇ. ಅಣ್ಣತಮ್ಮಂದಿರ ನಡುವೆ ತಕರಾರು ಇರುತ್ತದೆ. ಯಾರು ಯಾವಾಗ ಏನು ಬರೆಸಿದರು ಅನ್ನುವುದು ಇನ್ನೊಬ್ಬರ ಕೈಗೆ ಹೋದರೆ ಮನೆ ಮುರಿಯುತ್ತದೆ.

ಗಂಟು ಬಿಚ್ಚಿದ್ದು

ಮರುದಿನ ಬೆಳಿಗ್ಗೆ ಬೇಗ ಬಂದು ಆ ಪಿಡಿಎಫ್ ಹುಟ್ಟಿದ ವರ್ಡ್ ಫೈಲಿನ, ಅಂದರೆ ಡಾಕ್ಸ್ ಫೈಲಿನ, ಒಂದು ಪ್ರತಿ ಮಾಡಿಕೊಂಡೆ. ಅದರ ಹೆಸರಿನ ಕೊನೆಯಲ್ಲಿರುವ ಡಾಕ್ಸ್ ಅಳಿಸಿ ಜಿಪ್ ಎಂದು ಬರೆದು ತೆರೆದೆ. 2007ರ ವರ್ಡ್‌ನಿಂದ ಈಚೆಗೆ ಬಂದ ಡಾಕ್ಸ್ ಫೈಲು ನಿಜಕ್ಕೂ ಒಂದು ಜಿಪ್ ಗಂಟು. ಬಿಚ್ಚಿದರೆ ಒಳಗೆ ಫೋಲ್ಡರುಗಳು, ಅವುಗಳಲ್ಲಿ ಎಕ್ಸ್‌ಎಂಎಲ್ ಫೈಲುಗಳು. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು.

ಡಾಕ್‌ಪ್ರಾಪ್ಸ್ ಎಂಬ ಫೋಲ್ಡರಿನಲ್ಲಿ ಕೋರ್ ಎಂಬ ಫೈಲಿದೆ. ಅದರಲ್ಲಿ ಬರೆದವರ ಹೆಸರು, ಕೊನೆಗೆ ತಿದ್ದಿದವರ ಹೆಸರು, ಎಷ್ಟು ಸಲ ಸೇವ್ ಆಯಿತು, ಯಾವಾಗ ಹುಟ್ಟಿತು, ಯಾವಾಗ ಪ್ರಿಂಟ್ ಆಯಿತು ಎಲ್ಲವೂ ಇದೆ. ಬರೆದವರ ಜಾಗದಲ್ಲಿ ಎಷ್ಟೋ ವರ್ಷದ ಹಿಂದೆ ನಮ್ಮಲ್ಲಿ ಟೈಪ್ ಮಾಡುತ್ತಿದ್ದ ತಂಗಿಯ ಹೆಸರು. ಅವಳು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾಳೆ. ಇವತ್ತಿಗೂ ನಮ್ಮಿಂದ ಹೊರಡುವ ವ್ಯಾಜ್ಯದ ಕಾಗದಗಳಿಗೆಲ್ಲ ಲೇಖಕಿ ಅವಳೇ. ಫೈಲು ಹುಟ್ಟಿದ ತಾರೀಖು 2011ರದ್ದು. ನಿನ್ನೆ ಬರೆದ ಅರ್ಜಿ 2011ರಲ್ಲಿ ಹುಟ್ಟಿದೆ ಅಂತ ಎದುರಿನ ವಕೀಲರು ತೋರಿಸಿದರೆ ಆ ರೈತ ಏನು ಉತ್ತರ ಕೊಡಬೇಕು?

ಪಕ್ಕದಲ್ಲೇ ಆ್ಯಪ್ ಎಂಬ ಫೈಲು. ಅದರಲ್ಲಿ ಸಂಸ್ಥೆಯ ಹೆಸರು ಮತ್ತು ಈ ಫೈಲಿನ ಮೇಲೆ ಒಟ್ಟು ಎಷ್ಟು ನಿಮಿಷ ಕೆಲಸವಾಗಿದೆ ಎಂಬ ಲೆಕ್ಕ. ಸೆಟಿಂಗ್ಸ್ ಫೈಲಿನಲ್ಲಿ ಆರ್‌ಎಸ್‌ಐಡಿ ಎಂಬ ಸಣ್ಣ ಸಣ್ಣ ಸಂಖ್ಯೆಗಳ ಉದ್ದ ಪಟ್ಟಿ. ತಿದ್ದಿ ಸೇವ್ ಮಾಡುವ ಪ್ರತಿ ಸರದಿಗೂ ವರ್ಡ್ ಹೀಗೊಂದು ಗುರುತು ಇಡುತ್ತದೆ. ಇದರಲ್ಲಿ ಹೆಸರಿಲ್ಲ. ಆದರೆ ಎರಡು ಫೈಲುಗಳಲ್ಲಿ ಒಂದೇ ಗುರುತುಗಳಿದ್ದರೆ ಎರಡೂ ಒಂದೇ ತಾಯಿಯ ಮಕ್ಕಳು ಎಂದು ಹೇಳಬಹುದು.

ಟೈಟಲ್ ಹೇಗೆ ಬಂತು ಅನ್ನುವುದು ಆಮೇಲೆ ಹೊಳೆಯಿತು. 2003ರ ವರ್ಡ್ ಮತ್ತು ಅದಕ್ಕೂ ಹಿಂದಿನವು, ಮೊದಲ ಸಲ ಸೇವ್ ಮಾಡುವಾಗ ಕಾಗದದ ಮೊದಲ ಸಾಲನ್ನೇ ಟೈಟಲ್ ಎಂದು ತುಂಬಿಬಿಡುತ್ತಿದ್ದವು. ನಮ್ಮ ಹಳೇ ನಮೂನೆಯಲ್ಲಿ ಮೊದಲ ಸಾಲೇ ಅರ್ಜಿದಾರರ ಹೆಸರು. ಆಮೇಲೆ ಅದೇ ಫೈಲನ್ನು ಫೋಲ್ಡರಿನಲ್ಲಿ ಕಾಪಿ ಪೇಸ್ಟ್ ಮಾಡಿ, ಹೆಸರು ಬದಲಿಸಿ, ಒಳಗಿನ ಸರ್ವೆ ನಂಬರ್ ಬದಲಿಸಿ ಮುಂದಿನ ಗಿರಾಕಿಗೆ ಕೊಟ್ಟೆವು. ವರ್ಡ್‌ನ ಹಳೇ ಬಗೆಯ ಡಾಕ್ ಹೋಗಿ ಡಾಕ್ಸ್ ಬಂತು, ನುಡಿ ಹೋಗಿ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬಂತು. ಒಳಗಿನ ಬರಹವೆಲ್ಲ ಬದಲಾದರೂ ಟೈಟಲ್ ಮಾತ್ರ ಕದಲಲಿಲ್ಲ. ವರ್ಡ್ ಅದನ್ನು ಪಿಡಿಎಫ್‌ಗೂ ದಾಟಿಸಿತು. ಬ್ರೌಸರಿನಲ್ಲಿ ಪಿಡಿಎಫ್ ತೆರೆದರೆ ಟ್ಯಾಬಿನ ಮೇಲೆ ಕಾಣುವುದು ಟೈಟಲ್ಲೇ.

ಡಿಟಿಪಿ ಅಂಗಡಿಗಳಲ್ಲಿ ಯಾವ ಕಾಗದವೂ ಖಾಲಿ ಹಾಳೆಯಿಂದ ಶುರುವಾಗುವುದಿಲ್ಲ, ಅಲ್ವಾ? ಪ್ರತಿ ಕಾಗದಕ್ಕೂ ಒಂದು ಹಿಂದಿನ ಕಾಗದ ಇರುತ್ತದೆ. ನಮಗೆ ಅಪಾಯ ಇರುವುದು ಅಲ್ಲೇ.

ಹಳೇ ಡಾಕ್ ಫೈಲುಗಳು ಇನ್ನೂ ಕೆಟ್ಟವು. ಆಗಿನ ವರ್ಡ್‌ನಲ್ಲಿ ಫಾಸ್ಟ್ ಸೇವ್ ಎಂಬುದಿತ್ತು. ಅದು ಆನ್ ಇದ್ದರೆ ಅಳಿಸಿದ ಮಾತೂ ಫೈಲಿನಲ್ಲಿ ಉಳಿಯುತ್ತಿತ್ತು. ಕೊನೆಯ ಹತ್ತು ಸಲ ಸೇವ್ ಮಾಡಿದವರ ಹೆಸರು, ಎಲ್ಲಿ ಸೇವ್ ಮಾಡಿದರು ಅನ್ನುವುದೂ ಸೇರಿರುತ್ತಿತ್ತು. 2003ರಲ್ಲಿ ಬ್ರಿಟನ್ ಪ್ರಧಾನಿ ಕಚೇರಿ ಇರಾಕ್ ಬಗ್ಗೆ ಹೊರಡಿಸಿದ ಒಂದು ವರ್ಡ್ ಕಡತದಲ್ಲಿ ಇದೇ ಪಟ್ಟಿ ಉಳಿದು, ಅದು ಯಾರ್ಯಾರ ಕೈ ದಾಟಿ ಬಂತು ಅನ್ನುವುದು ಹೊರಬಿತ್ತು. ದೊಡ್ಡ ಕಚೇರಿಗೇ ಹಾಗಾಗಿದೆ. ನಮ್ಮ ಸಿಡಿ ಡಬ್ಬಿಯಲ್ಲಿರುವ ಡಾಕ್ ಫೈಲುಗಳನ್ನು ಇನ್ನು ಯಾರಿಗೂ ಹಾಗೇ ಕೊಡಬಾರದು ಎಂದು ಆವತ್ತೇ ತೀರ್ಮಾನ ಮಾಡಿದೆ.

ಹುಡುಕಾಟದಲ್ಲಿ ಸೋತಿದ್ದು

ಮೊದಲು ಬೇಕಾಗಿದ್ದು ಹುಡುಕುವ ದಾರಿ. ಒಂದು ಫೈಲಿನಲ್ಲಿ ಬೇರೆಯವರ ಹೆಸರು ಉಳಿದಿದೆಯೋ ಇಲ್ಲವೋ ಹೇಗೆ ತಿಳಿಯುವುದು? ನಮ್ಮ ಬಿಲ್ ಪುಸ್ತಕದಿಂದ ಹಳೇ ಗಿರಾಕಿಗಳ ಹೆಸರಿನ ಪಟ್ಟಿ ಮಾಡಿದೆ. ಗಂಟು ಬಿಚ್ಚಿದ ಫೋಲ್ಡರಿನಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಹುಡುಕಿದೆ. ಏನೂ ಸಿಗಲಿಲ್ಲ. ಖುಷಿಯಾಯಿತು. ಆಮೇಲೆ ಗಮನಿಸಿದರೆ, ಅದೇ ಕಾಗದದಲ್ಲಿ ಕಣ್ಣಿಗೆ ಕಾಣುವ ಇವತ್ತಿನ ಅರ್ಜಿದಾರರ ಹೆಸರನ್ನು ಹುಡುಕಿದರೂ ಸಿಗುತ್ತಿರಲಿಲ್ಲ! ಅಂದರೆ ಫೈಲು ಶುದ್ಧವಾಗಿರಲಿಲ್ಲ, ನನ್ನ ಹುಡುಕಾಟವೇ ಕುರುಡಾಗಿತ್ತು.

ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗನನ್ನು ಕರೆದೆ. ಅವನು ಕೂತು ನೋಡಿ, "ಮಾಮಾ, ಹೆಸರು ತುಂಡ್ ತುಂಡ್ ಆಗ್ಯಾವ್ ನೋಡ್ರಿ" ಅಂದ. ನಿಜ. ವರ್ಡ್ ಒಂದು ಪದವನ್ನು ಒಂದೇ ಕಡೆ ಇಡಬೇಕೆಂದಿಲ್ಲ. ನಡುವೆ ಒಂದು ಅಕ್ಷರ ತಿದ್ದಿದ್ದರೆ, ಫಾಂಟ್ ಬದಲಾಗಿದ್ದರೆ, ಕಾಗುಣಿತದ ಕೆಂಪು ಗೆರೆ ಬಿದ್ದಿದ್ದರೆ ಪದವನ್ನು ಎರಡು ಮೂರು ತುಂಡು ಮಾಡಿ, ನಡುವೆ ತನ್ನ ಗುರುತುಗಳನ್ನು ತುಂಬುತ್ತದೆ. ಕಣ್ಣಿಗೆ ಪದ ಒಂದೇ, ಫೈಲಿನೊಳಗೆ ಮೂರು ತುಂಡು.

ಹಾಗಾಗಿ ಅವನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದ. ಗಂಟು ಬಿಚ್ಚುವುದು, ಒಳಗಿನ ಪ್ರತಿ ಎಕ್ಸ್‌ಎಂಎಲ್ ಓದುವುದು, ಗುರುತುಗಳನ್ನೆಲ್ಲ ಕಿತ್ತು ಪ್ಯಾರಾ ಪ್ಯಾರಾ ಬರಹವನ್ನು ಕೂಡಿಸುವುದು, ಆಮೇಲೆ ಹುಡುಕುವುದು. ಈಗ ಅರ್ಜಿದಾರರ ಹೆಸರು ಸಿಕ್ಕಿತು. ಆದರೂ ಕೆಲವು ಹೆಸರು ತಪ್ಪುತ್ತಿದ್ದವು. ಇದರ ಕಾರಣ ಕನ್ನಡದಂಥ ಲಿಪಿಗಳಲ್ಲಿ ಬರುವ ತೊಂದರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯೂನಿಕೋಡಿನಲ್ಲಿ "ಕೋ" ಎಂಬ ಅಕ್ಷರದ ಸ್ವರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ, ಊಕಾರದ ಚಿಹ್ನೆ, ದೀರ್ಘ ಎಂದು ಮೂರು ಚಿಹ್ನೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸಿದ ನಮ್ಮ ಫೈಲುಗಳಲ್ಲಿ ಎರಡೂ ಥರ ಇದ್ದವು. ಜೊತೆಗೆ ಒತ್ತಕ್ಷರ ಕೂಡಬಾರದೆಂದು ನಡುವೆ ಹಾಕುವ ಕಣ್ಣಿಗೆ ಕಾಣದ ಅಕ್ಷರ ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ಪೈಥಾನಿನಲ್ಲಿ, ಎರಡೂ ಥರವನ್ನು ಒಂದೇ ಮಾಡುವ ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದು, ಆ ಕಾಣದ ಅಕ್ಷರಗಳನ್ನು ತೆಗೆದುಹಾಕಿ ಹೋಲಿಸಿದಾಗ ಸರಿಯಾಯಿತು. ಆಧಾರ್ ನಂಬರಿಗೂ ಹೀಗೇ. ಕೆಲವರು ನಾಲ್ಕು ನಾಲ್ಕು ಅಂಕಿ ಬಿಡಿಸಿ ಬರೆದಿದ್ದಾರೆ, ಕೆಲವರು ಒಟ್ಟಿಗೆ, ಕೆಲವರು ಕನ್ನಡ ಅಂಕಿಯಲ್ಲಿ. ಮೊದಲು ಕನ್ನಡ ಅಂಕಿಯನ್ನು ಇಂಗ್ಲಿಷ್ ಅಂಕಿ ಮಾಡಿ, ಖಾಲಿ ಜಾಗ ತೆಗೆದು, 12 ಅಂಕಿ ಸಾಲಾಗಿ ಇರುವುದನ್ನೆಲ್ಲ ಹೆಕ್ಕಿದೆವು.

ಇನ್ನು ನುಡಿ. ಹಳೇ ನುಡಿ ಫಾಂಟಿನಲ್ಲಿ ಬರೆದದ್ದು ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂತಿರುತ್ತದೆ, ಅಷ್ಟೇ. ಯೂನಿಕೋಡಿನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಸಾವಿರ ಸಲ ಇದ್ದರೂ ಸಿಗುವುದಿಲ್ಲ. ಆದ್ದರಿಂದ ಪಟ್ಟಿಯ ಪ್ರತಿ ಹೆಸರನ್ನೂ ಎರಡು ಸಲ ಟೈಪ್ ಮಾಡಿದೆ, ಒಮ್ಮೆ ಯೂನಿಕೋಡಿನಲ್ಲಿ, ಒಮ್ಮೆ ಹಳೇ ನುಡಿಯಲ್ಲಿ. ಎರಡು ಸಂಜೆ ಹೋಯಿತು. ಆದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಈ ಎರಡನೇ ಪಟ್ಟಿ ಇಟ್ಟು ಹುಡುಕಿದಾಗ ನಮ್ಮ ನಮೂನೆ ಫೈಲುಗಳಲ್ಲಿ ಟೈಟಲ್ ಅಲ್ಲದೆ ಹೆಡರಿನಲ್ಲಿ, ಒಂದು ಹಳೇ ಕಮೆಂಟಿನಲ್ಲಿ, ಬಿಳಿ ಬಣ್ಣ ಮಾಡಿ ಮುಚ್ಚಿದ್ದ ಒಂದು ಸಾಲಿನಲ್ಲಿ ಹೆಸರುಗಳು ಎದ್ದು ಬಂದವು. ನಿಮ್ಮ ಹತ್ತಿರವೂ ನುಡಿ ಕಾಲದ ಫೈಲುಗಳಿದ್ದರೆ ಬರೀ ಯೂನಿಕೋಡಿನಲ್ಲಿ ಹುಡುಕಿ ಸುಮ್ನೆ ಕೂರಬೇಡಿ.

ಕರದಂಟು ಪರೀಕ್ಷೆ

ತೊಳೆಯುವ ದಾರಿ ಯಾವುದೇ ಇರಲಿ, ಅದು ನಿಜವಾಗಿ ತೊಳೆಯುತ್ತದೆಯೇ ಎಂದು ನೋಡದೆ ನಂಬಬಾರದು ಅನ್ನಿಸಿತು. ಒಂದು ಪರೀಕ್ಷೆಯ ಫೈಲು ಮಾಡಿದೆ. ಯಾವ ಅರ್ಜಿಯಲ್ಲೂ ಬರಲಾರದ ಪದ ಬೇಕಿತ್ತು. "ಕರದಂಟು" ಎಂದು ಆರಿಸಿಕೊಂಡೆ. ಟೈಟಲ್‌ನಲ್ಲಿ ಕರದಂಟು1, ಕಮೆಂಟಿನಲ್ಲಿ ಕರದಂಟು2, ತಿದ್ದಿದ್ದರ ಗುರುತು ಇಟ್ಟುಕೊಳ್ಳುವ ಟ್ರ್ಯಾಕ್ ಚೇಂಜಸ್ ಆನ್ ಮಾಡಿ ಅಳಿಸಿದ ಸಾಲಿನಲ್ಲಿ ಕರದಂಟು3, ಫಾಂಟ್ ಆಯ್ಕೆಯ ಹಿಡನ್ ಗುರುತು ಹಾಕಿ ಅಡಗಿಸಿದ್ದು 4, ಬಿಳಿ ಅಕ್ಷರದ್ದು 5, ಹೆಡರಿನದು 6. ಎಕ್ಸೆಲ್ ಹಾಳೆಯೊಂದನ್ನು ಪೇಸ್ಟ್ ಸ್ಪೆಷಲ್‌ನಿಂದ ವರ್ಕ್‌ಶೀಟ್ ಆಬ್ಜೆಕ್ಟ್ ಆಗಿ ತಂದು, ಅದರ ಎರಡನೇ ಶೀಟಿನಲ್ಲಿ ಕರದಂಟು7.

ಮೊದಲು ವರ್ಡ್‌ನದೇ ದಾರಿ. ಫೈಲ್, ಇನ್ಫೋ, ಚೆಕ್ ಫಾರ್ ಇಶ್ಯೂಸ್, ಇನ್ಸ್‌ಪೆಕ್ಟ್ ಡಾಕ್ಯುಮೆಂಟ್. ಇದನ್ನು ಯಾವಾಗಲೂ ಪ್ರತಿಯ ಮೇಲೆ ಮಾಡಬೇಕು, ಯಾಕಂದ್ರೆ ತೆಗೆದ ಎಲ್ಲವನ್ನೂ ಹಿಂದಕ್ಕೆ ತರಲು ಆಗುವುದಿಲ್ಲ. ಟ್ರ್ಯಾಕ್ ಚೇಂಜಸ್ ಇದ್ದರೆ ನಾವೇ ಕೂತು ಒಂದೊಂದಾಗಿ ಒಪ್ಪಿ ಅಥವಾ ತಿರಸ್ಕರಿಸಿ ಮುಗಿಸಿಕೊಂಡಿರಬೇಕು. ಯಾವ ತಿದ್ದುಪಡಿ ಉಳಿಯಬೇಕು ಅನ್ನುವುದನ್ನು ಯಂತ್ರದ ಕೈಗೆ ಬಿಡಬಾರದು.

ಒಂದರಿಂದ ನಾಲ್ಕರವರೆಗಿನ ಕರದಂಟು ಹೋದವು. ಹೆಡರನ್ನೂ ತೆಗೆಯುತ್ತೇನೆ ಎಂದಿತು. ಆದರೆ ಅದು ಹೆಡರನ್ನು ಪೂರ್ತಿ ಕಿತ್ತುಹಾಕುತ್ತದೆ, ಬೇಕಾದದ್ದನ್ನೂ ಸೇರಿಸಿ. ಹಾಗಾಗಿ ಆ ಗುರುತು ತೆಗೆದು ಹೆಡರನ್ನು ಕೈಯಿಂದಲೇ ನೋಡಿದೆ. ಬಿಳಿ ಅಕ್ಷರ ಹಾಗೇ ಉಳಿಯಿತು. ಅದು ಬರೀ ಬಣ್ಣ, ವರ್ಡ್‌ನ ಮಟ್ಟಿಗೆ ಅಡಗಿಸಿದ್ದಲ್ಲ. ಒಳಗೆ ಕೂರಿಸಿದ ಎಕ್ಸೆಲ್ ಇದೆ ಎಂದು ಎಚ್ಚರಿಸಿತು, ತೆಗೆಯಲಿಲ್ಲ. ಗಂಟು ಬಿಚ್ಚಿದಾಗ ಎಂಬೆಡಿಂಗ್ಸ್ ಫೋಲ್ಡರಿನಲ್ಲಿ ಇಡೀ ಎಕ್ಸೆಲ್ ಫೈಲು, ಎರಡನೇ ಶೀಟಿನ ಸಮೇತ ಕೂತಿತ್ತು. ಕಾಗದದ ಮೇಲೆ ಕಂಡದ್ದು ನಾಲ್ಕು ಸಾಲಿನ ಕೋಷ್ಟಕ ಮಾತ್ರ. ಕೋಷ್ಟಕ ಬೇಕಿದ್ದರೆ ಅದನ್ನು ಚಿತ್ರವಾಗಿ ಅಥವಾ ವರ್ಡ್‌ನದೇ ಟೇಬಲ್ ಆಗಿ ಹಾಕುವುದೇ ಸರಿ.

ಎರಡನೆಯ ದಾರಿ ಮ್ಯಾಟ್2, ಫೈಲಿನೊಳಗೆ ಅಡಗಿದ ಮಾಹಿತಿಯನ್ನು ತೊಳೆಯುವ ಒಂದು ಪ್ರೋಗ್ರಾಂ. ಹಳೇ ಕಂಪ್ಯೂಟರ್ ಒಂದಕ್ಕೆ ವಿಂಡೋಸ್ ಬದಲು ಉಬುಂಟು ಹಾಕಿ ಇದನ್ನು ಇಳಿಸಿದೆವು. ಇದು ಮೂಲ ಫೈಲನ್ನು ಮುಟ್ಟದೆ, ಹೆಸರಿನಲ್ಲಿ ಕ್ಲೀನ್ಡ್ ಎಂದಿರುವ ಹೊಸ ಫೈಲು ಮಾಡುತ್ತದೆ. ಪ್ರಾಪರ್ಟೀಸ್ ಖಾಲಿ ಮಾಡುತ್ತದೆ, ಆರ್‌ಎಸ್‌ಐಡಿ ಗುರುತುಗಳನ್ನೂ ಅಳಿಸುತ್ತದೆ, ಒಳಗಿನ ಫೋಟೋಗಳನ್ನೂ ತೊಳೆಯುತ್ತದೆ. ತನಗೆ ಗೊತ್ತಿಲ್ಲದ ಬಗೆಯ ಫೈಲು ಗಂಟಿನಲ್ಲಿ ಸಿಕ್ಕರೆ ಅಲ್ಲೇ ಕೆಲಸ ನಿಲ್ಲಿಸುತ್ತದೆ. ಇದು ನನಗೆ ಬಹಳ ಹಿಡಿಸಿತು. ಸಂದೇಹ ಬಂದಾಗ ನಿಲ್ಲುವುದೇ ಒಳ್ಳೆಯದು. ಒಂದೆರಡು ಫೈಲುಗಳಲ್ಲಿ ಅಕ್ಷರದ ಅಂದ ಸ್ವಲ್ಪ ಬದಲಾಯಿತು, ಆದ್ದರಿಂದ ತೊಳೆದ ಮೇಲೆ ಪುಟಪುಟವನ್ನೂ ಕಣ್ಣಲ್ಲಿ ನೋಡುತ್ತೇವೆ. ಬಿಳಿ ಅಕ್ಷರಕ್ಕೆ ಇದರಲ್ಲೂ ಮದ್ದಿಲ್ಲ. ಅದಕ್ಕೆ ಕಂಟ್ರೋಲ್ ಎ ಒತ್ತಿ ಎಲ್ಲ ಬರಹವನ್ನೂ ಕಪ್ಪು ಮಾಡಿ ನೋಡುತ್ತೇವೆ.

ಫೋಟೋ ವಿಷಯ. ಮನೆ, ಬಾವಿ, ಪೈಪ್‌ಲೈನು, ದಾಳಿಂಬೆ ಗಿಡ ಎಂದು ಗಿರಾಕಿಗಳು ಫೋಟೋ ತರುತ್ತಾರೆ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಚಿತ್ರದ ಒಳಗೆ ಅಕ್ಷಾಂಶ ರೇಖಾಂಶ ಸೇರಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಬರುತ್ತದೆ. ಪರಿಹಾರದ ಅರ್ಜಿಗೆ ಕೆಲವು ಸಲ ಆ ಸ್ಥಳದ ಗುರುತು ಬೇಕೇ ಬೇಕು. ಆಗ ತೆಗೆಯಬಾರದು, ಗಿರಾಕಿಯನ್ನು ಕೇಳಬೇಕು. ಇನ್ನೊಂದು ಮಾತು. ವರ್ಡ್‌ನಲ್ಲಿ ಅಂಚು ಕತ್ತರಿಸಿದ ಫೋಟೋದಲ್ಲಿ ಕತ್ತರಿಸಿದ ಭಾಗ ಫೈಲಿನಲ್ಲೇ ಇರುತ್ತದೆ. ಯಾರಾದರೂ ಮತ್ತೆ ಎಳೆದು ನೋಡಬಹುದು. ಪಾಸ್‌ಬುಕ್ಕಿನ ಅರ್ಧ ಪುಟ ತೋರಿಸಲು ಹೀಗೆ ಕತ್ತರಿಸುವುದು ನಮ್ಮಲ್ಲಿ ದಿನಾ ನಡೆಯುತ್ತಿತ್ತು. ಈಗ ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ ಡಿಲೀಟ್ ಕ್ರಾಪ್ಡ್ ಏರಿಯಾಸ್ ಗುರುತು ಹಾಕುತ್ತೇವೆ. ಅದಕ್ಕಿಂತ ಒಳ್ಳೆಯದು, ವರ್ಡ್‌ಗೆ ತರುವ ಮೊದಲೇ ಪೇಂಟಿನಲ್ಲಿ ಕತ್ತರಿಸಿ ಹೊಸ ಫೈಲಾಗಿ ಸೇವ್ ಮಾಡುವುದು.

ಪಿಡಿಎಫ್

ಪಿಡಿಎಫ್ ಮಾಡಿದರೆ ಎಲ್ಲ ಶುದ್ಧ ಅಂತ ನಾನೂ ಇಷ್ಟು ವರ್ಷ ನಂಬಿದ್ದೆ. ವರ್ಡ್‌ನಲ್ಲಿ ಪಿಡಿಎಫ್ ಆಗಿ ಸೇವ್ ಮಾಡುವಾಗ ಆಪ್ಷನ್ಸ್ ಎಂಬ ಗುಂಡಿ ಇದೆ. ಅದರಲ್ಲಿ ಡಾಕ್ಯುಮೆಂಟ್ ಪ್ರಾಪರ್ಟೀಸ್ ಎಂಬ ಗುರುತನ್ನು ತೆಗೆದರೆ ಟೈಟಲ್, ಬರೆದವರ ಹೆಸರು ದಾಟುವುದಿಲ್ಲ.

ಆಗಲೇ ಮಾಡಿಟ್ಟ ಪಿಡಿಎಫ್‌ಗಳಿಗೆ, ಫೈಲಿನೊಳಗಿನ ಇಂಥ ಮಾಹಿತಿ ತಿದ್ದುವ ಎಕ್ಸಿಫ್‌ಟೂಲ್ ಎಂಬ ಪ್ರೋಗ್ರಾಂ ಬಳಸಿದೆವು. ಇಲ್ಲಿ ಒಂದು ಹಳ್ಳ ಇದೆ, ಬೀಳಬೇಡಿ. ಎಕ್ಸಿಫ್‌ಟೂಲ್ ಪಿಡಿಎಫ್‌ನ ಹಳೇ ಮಾಹಿತಿಯನ್ನು ಅಳಿಸುವುದಿಲ್ಲ. ಫೈಲಿನ ಕೊನೆಗೆ "ಅದನ್ನು ಲೆಕ್ಕಕ್ಕೆ ಹಿಡಿಯಬೇಡ" ಎಂದು ಸೇರಿಸುತ್ತದೆ. ಹಳೆಯದನ್ನು ಮತ್ತೆ ಹೊರತೆಗೆಯಬಹುದು. ಅದರ ಕೈಪಿಡಿಯಲ್ಲೇ ಇದನ್ನು ಹೇಳಿದ್ದಾರೆ. ಆದ್ದರಿಂದ ಆಮೇಲೆ ಕ್ಯೂಪಿಡಿಎಫ್ ಎಂಬ ಇನ್ನೊಂದು ಪ್ರೋಗ್ರಾಂನಲ್ಲಿ ಲೀನಿಯರೈಸ್ ಎಂಬ ಆಯ್ಕೆ ಕೊಟ್ಟು ಇಡೀ ಫೈಲನ್ನು ಹೊಸದಾಗಿ ಬರೆಸಬೇಕು. ಎರಡೂ ಆದ ಮೇಲೆ ಟೈಟಲ್ಲಿನ ಕರದಂಟು ಸಿಗಲಿಲ್ಲ.

ಆಧಾರ್ ನಂಬರಿನ ಮೇಲೆ ಕಪ್ಪು ಚೌಕ ಇಟ್ಟು ಪಿಡಿಎಫ್ ಮಾಡುವುದು ಮುಚ್ಚಿದಂತಲ್ಲ. ಎಲ್ಲವನ್ನೂ ಆಯ್ಕೆ ಮಾಡಿ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ, ಅಂಕಿ ಬಂದುಬಿಡುತ್ತದೆ. ಅಂಕಿಯನ್ನೇ ಅಳಿಸಿ ಕೊನೆಯ ನಾಲ್ಕು ಮಾತ್ರ ಉಳಿಸಿ, ಮುಂದೆ ಎಕ್ಸ್ ಗುರುತು ಹಾಕುತ್ತೇವೆ.

ಎಕ್ಸೆಲ್ ಬಗ್ಗೆ ಇನ್ನೂ ಕಲಿಯುತ್ತಿದ್ದೇವೆ. ಹಿಡನ್ ಶೀಟು, ಅಡಗಿಸಿದ ಸಾಲು, ಸಾಲುಗಳನ್ನು ಒಟ್ಟು ಹಾಕಿ ತೋರಿಸುವ ಪಿವಟ್ ಟೇಬಲ್ಲು ಮೂರನ್ನೂ ನೋಡಬೇಕು. ಪಿವಟ್ ತನ್ನ ಮೂಲದ ಸಾಲುಗಳ ಪ್ರತಿಯೊಂದನ್ನು ಒಳಗೇ ಇಟ್ಟುಕೊಳ್ಳುತ್ತದೆ, ಮೂಲ ಶೀಟು ಅಳಿಸಿದರೂ ಅದು ಉಳಿಯುತ್ತದೆ. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೊಟ್ಟ ಎಕ್ಸೆಲ್ ಫೈಲಿನಲ್ಲಿ ಒಂದು ಅಡಗಿದ ಶೀಟು ಉಳಿದಿತ್ತು. ಅದರಲ್ಲಿ 9,483 ಸಿಬ್ಬಂದಿಯ ವಿವರ ಹೊರಗೆ ಹೋಯಿತು. ಜೀವಭಯದಲ್ಲಿ ಕೆಲಸ ಮಾಡುವ ಜನ ಅವರು. ನಮ್ಮ ಊರಿನ ಪರಿಹಾರದ ಪಟ್ಟಿಯೊಂದು ಹಾಗೆ ಹೋದರೆ ಎಂದು ನೆನೆದೇ ನಾನು ಈ ಕೆಲಸ ಮುಂದಕ್ಕೆ ಹಾಕಲಿಲ್ಲ.

ಹೊಸ ನಮೂನೆ

ತೊಳೆಯುವುದಕ್ಕಿಂತ ಕೊಳೆಯಾಗದಂತೆ ನೋಡಿಕೊಳ್ಳುವುದು ಸುಲಭ. ಭಾನುವಾರ ಇಡೀ ದಿನ ಕೂತು, ನಾವು ಜಾಸ್ತಿ ಬಳಸುವ ಹದಿನಾಲ್ಕು ಅರ್ಜಿಗಳನ್ನು ಖಾಲಿ ಹಾಳೆಯಿಂದ ಹೊಸದಾಗಿ ಯೂನಿಕೋಡಿನಲ್ಲಿ ಟೈಪ್ ಮಾಡಿದೆ. ಹಳೆಯದರಿಂದ ಕಾಪಿ ಮಾಡಬೇಕಾದಲ್ಲಿ ನೋಟ್‌ಪ್ಯಾಡಿನ ಮೂಲಕ ದಾಟಿಸಿದೆ, ಬರೀ ಅಕ್ಷರ ಬರಲಿ ಎಂದು. ಹೆಸರು, ಸರ್ವೆ ನಂಬರ್, ಊರು ಇರುವ ಕಡೆಯೆಲ್ಲ ಚುಕ್ಕೆಗಳು ಮಾತ್ರ. ಇವನ್ನು ಡಾಟ್‌ಎಕ್ಸ್ ಎಂಬ ಟೆಂಪ್ಲೇಟ್ ಆಗಿ ಸೇವ್ ಮಾಡಿ, ಎರಡು ಸಲ ಕ್ಲಿಕ್ ಮಾಡಿದರೆ ಪ್ರತಿ ಸಲ ಹೊಸ ಕಾಗದವೇ ತೆರೆಯುವ ಹಾಗೆ ಮಾಡಿದೆ. ವರ್ಡ್‌ನ ಯೂಸರ್ ನೇಮ್ ಜಾಗದಲ್ಲಿ ಯಾರ ಹೆಸರೂ ಬೇಡ ಎಂದು "ಅಂಗಡಿ" ಎಂದು ಬರೆದಿದ್ದೇನೆ.

ಅಂಗಡಿಯ ಹುಡುಗರಿಗೆ ಒಂದೇ ಮಾತು ಹೇಳಿದೆ. ನಿನ್ನೆಯ ಗಿರಾಕಿಯ ಫೈಲು ತೆರೆದು ಇವತ್ತಿನ ಗಿರಾಕಿಯ ಅರ್ಜಿ ಬರೆಯಬೇಡಿ, ಎಷ್ಟೇ ಗದ್ದಲ ಇದ್ದರೂ. ಒಬ್ಬ ಕೇಳಿದ, "ಅಣ್ಣಾ, ವಕೀಲರು ತಾವೇ ಹಳೇ ವರ್ಡ್ ಫೈಲು ಕೊಟ್ಟು ಇದರಾಗ ಮಾಡು ಅಂದ್ರ?" ಅವರ ಫೈಲನ್ನೂ ಮೊದಲು ನೋಟ್‌ಪ್ಯಾಡಿಗೆ ದಾಟಿಸಿ, ಆಮೇಲೆ ನಮ್ಮ ಖಾಲಿ ಹಾಳೆಗೆ ತಾ ಅಂದೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಆ ಹುಡುಗಿಗೆ ಮಂಗಳವಾರ ಮಧ್ಯಾಹ್ನವೇ ಖಾಲಿ ಹಾಳೆಯಿಂದ ಹೊಸದಾಗಿ ಟೈಪ್ ಮಾಡಿದ ಪಿಡಿಎಫ್ ಕಳಿಸಿದ್ದೆ. ಹಳೆಯದನ್ನು ಲ್ಯಾಪ್‌ಟಾಪಿನಿಂದಲೂ ಅಪ್ಪನ ಫೋನಿನಿಂದಲೂ ಅಳಿಸು ಎಂದು ಹೇಳಿದೆ. "ಈಗ ಟ್ಯಾಬಿನ್ಯಾಗ ಫೈಲಿನ ಹೆಸರು ಅಷ್ಟ ಐತ್ರಿ ಅಣ್ಣಾರ" ಅಂದಳು. ಟೈಟಲ್‌ನಲ್ಲಿ ಸಿಕ್ಕ ಹೆಸರಿನ ರೈತರ ಮನೆಗೂ ಹೋಗಿ ಬಂದೆ. ಅವರು ತೀರಿಹೋಗಿದ್ದಾರೆ. ಮಗ ಇದ್ದರು. ಏನಾಯಿತೆಂದು ಹೇಳಿ, ಆ ಫೈಲಿನಿಂದ ಹುಟ್ಟಿದ ಎಲ್ಲ ಕಾಗದಗಳನ್ನೂ ಹುಡುಕಿ ತೊಳೆಯುತ್ತಿದ್ದೇನೆ ಅಂದೆ. ಅವರು ಚಹಾ ಕೊಟ್ಟು, ಅಪ್ಪನ ಆ ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇದ್ದರೆ ಕೊಡಿ ಅಂದರು. ಮೂಲ ಫೈಲು ಸಿಡಿ ಡಬ್ಬಿಯಲ್ಲಿ ಇರಬೇಕು. ಈ ವಾರ ಅದನ್ನು ಹುಡುಕಿ, ಪ್ರಿಂಟ್ ತೆಗೆದು ಅವರಿಗೆ ಮುಟ್ಟಿಸುತ್ತೇನೆ.